ಓಬಳಮ್ಮನ ಒಲೆಯ ಬೆಂಕಿ

ದಿಬ್ಬೂರಹಳ್ಳಿಯಿಂದ ಒಂದೂವರೆ ಮೈಲಿ ಆಚೆ, ಹಳ್ಳ ದಾಟಿದರೆ ಹಿಪ್ಪುನೇರಳೆ ತೋಟಗಳ ನಡುವೆ ಎರಡೇ ಮನೆ. ಒಂದು ಓಬಳಮ್ಮನದು, ಬೇಲಿಯಾಚೆಗಿನದು ಮುನಿಗಂಗಮ್ಮನದು. ಎರಡು ಮನೆಗೂ ರೇಷ್ಮೆ ಹುಳುವೇ ಜೀವನ.

ಓಬಳಮ್ಮನ ಮನೆಯಲ್ಲಿ ಯಾವ ವಸ್ತುವಿಗೂ ಸುಲಭವಾಗಿ ಸಾವು ಬರುತ್ತಿರಲಿಲ್ಲ. ಸೀರೆ ಹರಿದರೆ ಕೌದಿ, ಕೌದಿ ಹರಿದರೆ ಒರೆಸುವ ಬಟ್ಟೆ, ಅದೂ ಹರಿದರೆ ದೀಪದ ಬತ್ತಿ. ದೀಪಕ್ಕೆ ಬದುವಿನ ಹೊಂಗೆ ಮರದ ಎಣ್ಣೆ. ಅಕ್ಕಿ ತೊಳೆದ ನೀರು ಎಮ್ಮೆಗೆ, ಮೈ ತೊಳೆದ ನೀರು ಬಾಳೆಗೆ, ಹುಳು ತಿಂದು ಬಿಟ್ಟ ಕಡ್ಡಿ ಒಲೆಗೆ, ಹುಳುವಿನ ಹಿಕ್ಕೆ ತಿಪ್ಪೆಗೆ. ಗಂಡ ನರಸಿಂಹಪ್ಪನ ಅಂಗಿಗೆ ಎಷ್ಟು ತೇಪೆ ಬಿದ್ದಿದ್ದವೆಂದರೆ, ಮೂಲ ಬಟ್ಟೆ ಯಾವ ಬಣ್ಣದ್ದೆಂದು ಅವನಿಗೇ ನೆನಪಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಅರವತ್ತೆರಡನೇ ಇಸವಿಯಲ್ಲಿ ಊರಿಗೆ ಕರೆಂಟು ಬಂತು. ತೋಟದ ಮನೆಗಳಿಗೂ ಕಂಬ ಹಾಕಬಹುದೆಂದು ಹೇಳಲು ಲೈನ್‌ಮನ್ ಬಂದ. ಓಬಳಮ್ಮ ಅವನನ್ನು ಜಗಲಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, ಕಡೆಗೆ ಒಂದೇ ಪ್ರಶ್ನೆ ಹಾಕಿದಳು.

"ಅದ್ರಾಗೆ ಬೂದಿ ಬರ್ತದೇನಪ್ಪಾ?"

"ಬೂದಿ ಯಾಕಮ್ಮಾ ಬರ್ತದೆ? ಕರೆಂಟು ಅದು."

"ಬೂದಿ ಇಲ್ದಿದ್ರೆ ಪಾತ್ರೆ ಯಾತ್ರಾಗೆ ತಿಕ್ಕಲಿ? ಅವರೆ ಬೀಜಕ್ಕೆ ಏನ್ ಸವರಲಿ? ಹಲ್ಲು ಏನ್ ನೀನು ಬಂದು ಉಜ್ಜುತೀಯಾ? ಬ್ಯಾಡ, ಹೋಗ್ಬಾರಪ್ಪಾ."

ಒಳಗಿನಿಂದ ಬೆಳಕಿನ ಆಸೆಯಿಂದ ಕತ್ತು ಚಾಚಿದ್ದ ನರಸಿಂಹಪ್ಪ ಕತ್ತನ್ನು ಒಳಗೆಳೆದುಕೊಂಡ.

ಆದರೆ ಇದೆಲ್ಲ ಸಣ್ಣ ಜಂಬ. ದೊಡ್ಡ ಜಂಬ ಬೇರೆಯೇ ಇತ್ತು. ಆ ಮನೆಯಲ್ಲಿ ಬೆಂಕಿಪೊಟ್ಟಣ ಎಂಬುದೇ ಇರಲಿಲ್ಲ. ರಾತ್ರಿ ಅಡಿಗೆ ಮುಗಿದ ಮೇಲೆ ಓಬಳಮ್ಮ ಕೆಂಡವನ್ನು ಬೆರಣಿಯ ಮಗ್ಗುಲಿಗೆ ಸೇರಿಸಿ ಬೂದಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಕೆದಕಿ ಊದಿದರೆ ಬೆಂಕಿ ಎದ್ದು ಕೂರುತ್ತಿತ್ತು. "ನಮ್ಮತ್ತೆ ಸಾಯೋವಾಗ ಬೀಗದ ಕೈ ಕೊಡ್ಲಿಲ್ಲ, ಈ ಬೆಂಕಿ ಕೊಟ್ರು. ಇಪ್ಪತ್ತೆಂಟು ವರ್ಷ ಆತು, ಒಂದಿನ ಆರಿಲ್ಲ" ಎಂದು ಸಿಕ್ಕವರಿಗೆಲ್ಲ ಹೇಳುವಳು. ಸಿಗದವರಿಗೆ ಹೇಳಿ ಕಳಿಸುವಳು.

ಮೊದಲೆಲ್ಲ ಮುನಿಗಂಗಮ್ಮ ತನ್ನ ಒಲೆ ಆರಿದಾಗ ಮಡಕೆಯ ಓಡು ಹಿಡಿದು ಬಂದು ಇಲ್ಲಿಂದಲೇ ಕೆಂಡ ಒಯ್ಯುತ್ತಿದ್ದಳು. ಮೂರು ವರ್ಷದ ಹಿಂದೆ ಹಾಗೆ ಬಂದ ದಿನ ಶುಕ್ರವಾರ. ಅವಳ ಮನೆಗೆ ಚಿಂತಾಮಣಿಯಿಂದ ಬೀಗರು ಬಂದು ಕೂತಿದ್ದರು. ಮಂಗಳವಾರ ಶುಕ್ರವಾರ ಮನೆಯಿಂದ ಬೆಂಕಿ ಕೊಟ್ಟರೆ ಅದರ ಹಿಂದೆಯೇ ಲಕ್ಷ್ಮಿಯೂ ಹೊರಟುಬಿಡುತ್ತಾಳೆಂದು ಎಲ್ಲರೂ ಬಲ್ಲರು. ಕಷ್ಟ ಕಂಡರೆ ಕೆಲವರು ವಾರ ಮರೆಯುತ್ತಾರೆ. ಓಬಳಮ್ಮ ಮರೆಯಲಿಲ್ಲ. "ನಾಳೆ ಬಾರಮ್ಮಾ" ಎಂದಳು. ಬೀಗರು ಕಡ್ಲೆಪುರಿ ತಿಂದು ನೀರು ಕುಡಿದು ಬಸ್ಸು ಹತ್ತಿದರು. ಅಂದಿನಿಂದ ಎರಡು ಮನೆಯ ನಡುವೆ ಮಾತಿಲ್ಲ. "ಬೆಂಕಿಪೊಟ್ಟಣ ಕೊಂಡೂ ಕೊಂಡೂ ಹಾಳಾಗ್ತಾವ್ಳೆ ಪಾಪ" ಎಂದು ಓಬಳಮ್ಮ ಸೊಸೆ ರಾಮಲಕ್ಷ್ಮಮ್ಮನ ಮುಂದೆ ಮರುಗುತ್ತಿದ್ದಳು. ಸೊಸೆ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ.

ಹೀಗಿರುವಾಗ ಒಂದು ಕಾರ್ತೀಕದಲ್ಲಿ ಮೂರು ದಿನ ಜಡಿಮಳೆ ಹಿಡಿಯಿತು. ಹುಳು ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾಗಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಏರಿದ್ದವು. ಆಗ ಥಂಡಿ ತಾಗಿದರೆ ಹುಳು ನೂಲು ಬಿಡದೆ ಸಾಯುತ್ತದೆ. ಹಗಲೂ ರಾತ್ರಿ ಹುಳುಮನೆಯಲ್ಲಿ ಕೆಂಡದ ಕುಂಡ ಇರಲೇಬೇಕು. ಒಂದು ತಿಂಗಳು ನಿದ್ದೆಗೆಟ್ಟು ಸೊಪ್ಪು ಹಾಕಿದ್ದೆಲ್ಲ ಈ ಎರಡು ದಿನದ ಬಿಸಿಗಾಗಿ ಕಾದಿತ್ತು.

ಬೇಸಿಗೆಯಲ್ಲಿ ಒಲೆಯ ನೇರಕ್ಕೆ ಸೂರಿನ ಎರಡು ಹೆಂಚು ಒಡೆದಾಗ ನರಸಿಂಹಪ್ಪ, "ಶಿಡ್ಲಘಟ್ಟದಿಂದ ಎರಡು ಹೆಂಚು ತರ್ತೀನಿ" ಎಂದಿದ್ದ. "ಹಳೇ ಮೊರ ಸುಮ್ಕೆ ಬಿದ್ದೈತಲ್ಲ" ಎಂದು ಓಬಳಮ್ಮ ಮೊರವನ್ನು ಅಲ್ಲಿ ಸಿಕ್ಕಿಸಿದ್ದಳು. ಮೂರನೆಯ ದಿನದ ಗಾಳಿಗೆ ಮೊರ ಹಾರಿಹೋಯಿತು. ಮಳೆ ನೇರ ಒಲೆಗೆ ಇಳಿದು, ಹರಿದು ಹುಳುಮನೆಯ ನೆಲದ ಕುಂಡಕ್ಕೂ ನುಗ್ಗಿತು. ಬೆಳಿಗ್ಗೆ ಓಬಳಮ್ಮ ಕೆದಕಿ ನೋಡಿದರೆ ಒಲೆಯಲ್ಲಿದ್ದದ್ದು ಬೂದಿಯ ಅಂಬಲಿ.

ಅವಳು ಅಲ್ಲೇ ಕುಸಿದು ಕೂತಳು. ಅವಳು ಸುಮ್ಮನಾದದ್ದು ನೋಡಿ ಹೆದರಿದ ನರಸಿಂಹಪ್ಪ ಅಟ್ಟಕ್ಕೆ ಕೈ ಹಾಕಿ, ತೊಲೆಯ ಸಂದಿಯಿಂದ ಏನನ್ನೋ ತೆಗೆದು ಮುಂದೆ ಹಿಡಿದ. ಬೆಂಕಿಪೊಟ್ಟಣ.

"ಇದೆಲ್ಲಿತ್ತು?"

"ಬೀಡಿಗೆ... ಎಲ್ಲೋ ಯಾವಾಗ್ಲೋ ಒಂದು..."

"ಎಷ್ಟು ವರ್ಷದಿಂದ?"

"ಹನ್ನೊಂದು" ಎಂದ, ಸುಳ್ಳು ಹೇಳಲೂ ಬಾರದ ಗಂಡ. ಓಬಳಮ್ಮ ಬಾಯಿತುಂಬ ಬೈದು ಪೊಟ್ಟಣ ಕಿತ್ತುಕೊಂಡು ಕಡ್ಡಿ ಗೀರಿದಳು. ಕಡ್ಡಿ ಒದ್ದೆ. ಇನ್ನೊಂದು ಗೀರಿದಳು. ಮದ್ದು ಬೆಣ್ಣೆಯಂತೆ ಮೆತ್ತಿಕೊಂಡಿತು. "ಕದ್ದಿಟ್ಟಿದ್ದನ್ನ ನೆನೀದಂಗೆ ಇಡಾಕೂ ಬರಲ್ವಾ ನಿಮ್ಗೆ!" ಎಂದು ಅದಕ್ಕೂ ಬೈದಳು.

ಹಳ್ಳ ತುಂಬಿ ಹರಿಯುತ್ತಿತ್ತು, ಊರಿಗೆ ದಾರಿಯಿಲ್ಲ. ಬೆಂಕಿ ಇದ್ದದ್ದು ಬೇಲಿಯಾಚೆ ಮಾತ್ರ. ವಾರ, ಹೇಳಬೇಕೇ, ಶುಕ್ರವಾರ.

ಓಬಳಮ್ಮ ಒಮ್ಮೆ ಹುಳುಮನೆಯ ಕದ ತೆಗೆದು ನೋಡಿದಳು. ಚಂದ್ರಿಕೆಯ ಮೇಲಿನ ಹುಳುಗಳು ತಲೆ ಆಡಿಸುವುದನ್ನು ನಿಲ್ಲಿಸಿದ್ದವು. ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಓಡು ಹಿಡಿದು ಹೊರಟಳು. ಸೊಸೆ ಹಿಂದೆಯೇ ಬಂದಳು.

ಮುನಿಗಂಗಮ್ಮ ಬಾಗಿಲಲ್ಲೇ ನಿಂತು ಓಡನ್ನೂ ನೋಡಿದಳು, ಓಬಳಮ್ಮನ ಮುಖವನ್ನೂ ನೋಡಿದಳು.

"ಇವತ್ತು ಶುಕ್ರವಾರ ಕಣಕ್ಕಾ."

"ಗೊತ್ತು ಕಣಮ್ಮಾ. ಹುಳ ಚಂದ್ರಿಕೆ ಹತ್ತವೆ. ನಮ್ಮೊಲೆ ಆರೋಯ್ತು."

"ನಾನಂತೂ ಕೊಡಾಕಿಲ್ಲ."

ಓಬಳಮ್ಮ ತಲೆ ತಗ್ಗಿಸಿ ಹಿಂದಿರುಗಿದಳು. ನ್ಯಾಯವಾದ ಮಾತು, ತನ್ನದೇ ಮಾತು.

"ನಿಲ್ಲಕ್ಕಾ, ಎಲ್ಲಿಗೋಯ್ತೀಯಾ? ಕೊಡಾಕಿಲ್ಲ ಅಂದೆ, ನಿನ್ನದು ನೀನು ತಗೊಂಡೋಗ್ಬ್ಯಾಡ ಅಂದ್ನಾ? ಮೂರು ವರ್ಷದಿಂದ ನನ್ನೊಲೆಯಾಗೆ ಇರೋದು ನಿಮ್ಮನೆ ಬೆಂಕಿನೇ. ಆರಿದಾಗೆಲ್ಲ ನಿನ್ ಸೊಸೆ ಬೇಲಿ ಸಂದಿನಾಗೆ ಕೊಡ್ತಿದ್ಲು."

ಓಬಳಮ್ಮ ಸೊಸೆಯ ಕಡೆ ತಿರುಗಿದಳು. ರಾಮಲಕ್ಷ್ಮಮ್ಮ ಸೆರಗು ಕಚ್ಚಿಕೊಂಡು ನಿಂತಿದ್ದಳು.

"ಶುಕ್ರವಾರ ಮಾತ್ರ ಒಂದಿನಾನೂ ಕೊಟ್ಟಿಲ್ಲ ಅತ್ತಮ್ಮಾ, ನಿಮ್ಮಾಣೆ. ಗುರುವಾರಾನೇ, ದೀಪ ಹಚ್ಚೋಕ್ ಮುಂಚೆ ಕೊಟ್ಬಿಡ್ತಿದ್ದೆ."

"ಯಾತ್ರಾಗೆ ಕೊಡ್ತಿದ್ದೆ?"

"ಆ ಕರೀ ಓಡ್ನಾಗೆ."

"ಅಯ್ಯೋ ನಿನ್ನ! ಅದು ಕೋಳಿಗೆ ನೀರಿಡೋ ಓಡು ಕಣೇ! ಅದು ಯಾವಾಗ್ಲೂ ಯಾಕೆ ಮಸಿ ಅಂತ ಮೂರು ವರ್ಷದಿಂದ ತಲೆ ಕೆಡಿಸ್ಕೊಂಡಿದ್ದೀನಿ!"

ಮೊದಲು ನಕ್ಕವಳು ಮುನಿಗಂಗಮ್ಮ. ಆಮೇಲೆ ಸೊಸೆ. ಓಬಳಮ್ಮನೂ ನಗುವುದಕ್ಕೆ ಹೋಗಿ, ಅಳುವಿಗೆ ಸಿಕ್ಕಿಬಿದ್ದಳು. ಕಣ್ಣೊರೆಸಿಕೊಂಡು ತಾನೇ ಒಳಗೆ ನಡೆದು, ತನ್ನ ಕೈಯಿಂದಲೇ ಓಡಿನ ತುಂಬ ಕೆಂಡ ತೋಡಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಮತ್ತೆ ತಲೆ ಆಡಿಸತೊಡಗಿದವು.

ಮಳೆ ನಿಂತ ಮೇಲೆ ನರಸಿಂಹಪ್ಪ ಯಾರನ್ನೂ ಕೇಳದೆ ಎರಡು ಹೆಂಚು ತಂದ. ಒಂದು ಬೆಂಕಿಪೊಟ್ಟಣವನ್ನೂ ತಂದ. ಓಬಳಮ್ಮ ಹೆಂಚಿಗೆ ಸುಮ್ಮನಾದಳು, ಪೊಟ್ಟಣಕ್ಕೆ ಮಾತ್ರ ಸುಮ್ಮನಾಗಲಿಲ್ಲ.

ಮುಂದಿನ ಗುರುವಾರ, ದೀಪ ಹಚ್ಚುವ ಮುಂಚೆ, ಅವಳು ಕರಿ ಓಡಿನಲ್ಲಿ ಕೆಂಡ ಹಿಡಿದು ಬೇಲಿ ದಾಟಿದಳು. "ಇಗಾ, ತಗೋ. ನಾಳೆ ಶುಕ್ರವಾರ, ಬಂದು ಕೇಳಿದ್ರೆ ಕೊಡಾಕಿಲ್ಲ" ಎಂದಳು, ಮುಖ ಗಂಟಿಕ್ಕಿಕೊಂಡು.

ಮುನಿಗಂಗಮ್ಮನ ಒಲೆ ಒಳಗೆ ಚೆನ್ನಾಗಿಯೇ ಉರಿಯುತ್ತಿತ್ತು. ಆದರೂ ಅವಳು ಎರಡು ಕೈಯಲ್ಲೂ ಓಡನ್ನು ಈಸಿಕೊಂಡಳು.