ಒಂದು ಗೇಣು ಮೇಲೆ

ದೇಚಮ್ಮ ಆಂಟಿ ಮಡಚಿದ ಕೊಡೆಯ ತುದಿಯನ್ನು ಕೂಡ ಯಾರ ಕಡೆಗೂ ತಿರುಗಿಸುತ್ತಿರಲಿಲ್ಲ. ಒಂದೋ ನೆಲಕ್ಕೆ, ಇಲ್ಲವೇ ಆಕಾಶಕ್ಕೆ. ಮೂರ್ನಾಡಿನ ನನ್ನ ಫ್ಯಾನ್ಸಿ ಸ್ಟೋರಿಗೆ ಬಳೆ, ಟಾರ್ಚು, ಬಕೆಟ್ಟು ಎಂದು ಏನಾದರೊಂದು ನೆಪದಲ್ಲಿ ಬರುತ್ತಿದ್ದರು. ಬಂದವರು ಮೊದಲು ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿ, ಅದು ಜಾರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ನನ್ನ ಕಡೆ ನೋಡುತ್ತಿದ್ದರು. ಕೋವಿ ಹಿಡಿದು ಬೆಳೆದವರ ಕೈ ಹಾಗೆ ಎಂದು ನನಗೆ ತಿಳಿದದ್ದು ನಿಧಾನವಾಗಿ.

ಗಂಡ ತೀರಿಕೊಂಡ ಮೇಲೆ ಮನೆಯ ಕೋವಿ ಅವರ ಪಾಲಿಗೆ ಉಳಿದಿತ್ತು. ಪ್ರತಿ ವರ್ಷ ಕೊಡಗಿನ ಆಯುಧ ಹಬ್ಬವಾದ ಕೈಲ್ ಮುಹೂರ್ತಕ್ಕೆ ಅದಕ್ಕೆ ಹೂವಿಟ್ಟು ಪೂಜೆ ಮಾಡಿ, ಸಂಜೆ ಊರ ಮೈದಾನದಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಿದ್ದರು. ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತರೆಂದರೆ ಗಂಡಸರು ಹರಟೆ ನಿಲ್ಲಿಸುತ್ತಿದ್ದರು. ಹೊಡೆದದ್ದಕ್ಕೆ ಬಹುಮಾನ ಸಿಕ್ಕರೂ ಮುಖದಲ್ಲಿ ಏನೂ ಕಾಣಿಸುತ್ತಿರಲಿಲ್ಲ. ಪಾತ್ರೆ ತೊಳೆದು ಮುಗಿಸಿದವರ ಹಾಗೆ ಮನೆಗೆ ಹೊರಡುತ್ತಿದ್ದರು.

ಒಂದು ಮಳೆಗಾಲ ಹಿತ್ತಲ ಮೆಟ್ಟಿಲಲ್ಲಿ ಜಾರಿ ಬಲಭುಜದ ಮೂಳೆ ಮುರಿಯಿತು. ಕೋವಿಯ ಒದೆತ ಆ ಭುಜ ತಡೆಯುವುದಿಲ್ಲ ಎಂದರು ಡಾಕ್ಟರು. ಎರಡು ಕೈಲ್ ಮುಹೂರ್ತ ಅವರು ಮೈದಾನದಲ್ಲಿ ಕುರ್ಚಿ ಹಾಕಿ ಕೂತು ನೋಡಿದರು. ಗಂಡನ ತಮ್ಮ ಬೋಪಣ್ಣನವರು ಕೆಟ್ಟ ಮನುಷ್ಯರಲ್ಲ. ಆದರೂ, ಎತ್ತುವವರಿಲ್ಲದ ಮನೆಯಲ್ಲಿ ಕೋವಿ ಯಾಕೆ ತೂಗಬೇಕು, ನಮ್ಮ ಮನೆಗೆ ಕೊಡಿ ಎಂದು ಕೇಳಿಯೇಬಿಟ್ಟರು. ಆಂಟಿ ಹೇಳಿದ್ದಿಷ್ಟೇ: ಬರುವ ಕೈಲ್ ಮುಹೂರ್ತಕ್ಕೆ ಒಂದೇ ಗುಂಡಿಗೆ ಕಾಯಿ ಬೀಳಿಸುತ್ತೇನೆ, ಬೀಳದಿದ್ದರೆ ಕೋವಿ ನಿನ್ನದು.

ಅದಾದ ವಾರದಲ್ಲೇ ಅವರು ನನ್ನ ಅಂಗಡಿಯ ಮೇಲಿನ ಶೆಲ್ಫಿನ ಕಡೆ ಕೈ ತೋರಿಸಿದರು. ಅಲ್ಲಿದ್ದದ್ದು ಬ್ಯಾಟರಿ ಬ್ಲಾಸ್ಟರ್ ಎಂಬ ಆಟಿಕೆ ಕೋವಿ. ಅದರ ಗಿರಾಕಿಗಳೆಂದರೆ ಹತ್ತು ವರ್ಷದೊಳಗಿನವರು ಮತ್ತು ಅವರ ಅಳು ತಡೆಯಲಾರದ ಅಪ್ಪಂದಿರು.

"ಇದು ಎಂತ ಕೋವಿ ಮಾರಾಯ? ಒದೀತದಾ?"

"ಇಲ್ಲ ಆಂಟಿ, ಸ್ಪಂಜಿನ ಗುಂಡು. ಕೆಳಗಿನ ಟ್ರಿಗರ್ ಒತ್ತಿದ್ರೆ ಒಳಗೆ ಮೋಟರ್ ತಿರುಗ್ತದೆ. ಸ್ಪೀಡ್ ಬಂದ ಮೇಲೆ ಮೇಲಿನದ್ದು ಎಳೀಬೇಕು."

ಕೈಗೆ ತೆಗೆದುಕೊಂಡವರು ಮೂತಿಯನ್ನು ಸೂರಿನ ಕಡೆ ಮಾಡಿ, ಗುಂಡು ತುಂಬುವ ಮ್ಯಾಗಜಿನ್ ಕಳಚಿ, ಖಾಲಿಯಿದೆಯೇ ಎಂದು ಬೆರಳು ಹಾಕಿ ನೋಡಿದರು. ಸೇಫ್ಟಿ ಗುಂಡಿ ನೋಡಿ, "ಇದು ಒಳ್ಳೇದಾಯ್ತು" ಎಂದರು. ಕಿತ್ತಳೆ ಬಣ್ಣದ ಮೂತಿ ಮಾತ್ರ ಅವರಿಗೆ ಹಿಡಿಸಲಿಲ್ಲ. ಅಷ್ಟರಲ್ಲಿ ಯಾರದ್ದೋ ಮಗು ಇನ್ನೊಂದು ಆಟಿಕೆ ಪಿಸ್ತೂಲನ್ನು ಅವರ ಹೊಟ್ಟೆಗೇ ಗುರಿಯಿಟ್ಟಿತು. ಆಂಟಿ ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ಕೆಳಗೆ ಮಾಡಿದರು. "ಜನರ ಕಡೆ ಹಿಡೀಬಾರ್ದು ಮಗಾ." ಮಗುವಿನ ತಾಯಿ, ಆಟಿಕೆ ಅಲ್ವಾ ಆಂಟಿ, ಎಂದು ನಕ್ಕರು. "ಆಟಿಕೆಯಾದ್ರೆ ಎಂತ? ಕೈಗೆ ಅಭ್ಯಾಸ ಆಗ್ತದೆ" ಎಂದರು ಇವರು. ನಗದೆ.

ಭುಜಕ್ಕೆ ನೋವಾಗದಂತೆ ಕಣ್ಣು, ಉಸಿರು, ಬೆರಳು ಮೂರನ್ನೂ ಪಳಗಿಸುವುದು ಅವರ ಲೆಕ್ಕಾಚಾರ. ಒಮ್ಮೆ ಸೆಲ್ ಕೊಡಲು ಅವರ ಮನೆಗೆ ಹೋದಾಗ ಕಂಡೆ. ಅಂಗಳದ ಸೀಬೆ ಮರಕ್ಕೆ ತೆಂಗಿನ ಚಿಪ್ಪು ಕಟ್ಟಿದ್ದರು. ಮೋಟರು ಗುಂಯ್ಗುಟ್ಟುವಾಗ ಅವರು ಉಸಿರು ಹಿಡಿಯುತ್ತಿದ್ದರು. ಟಪ್ ಎಂದು ಹಾರಿದ ಸ್ಪಂಜು ಚಿಪ್ಪಿಗೆ ತಾಗಿ ಕೆಳಗೆ ಬೀಳುತ್ತಿತ್ತು. ಕಾಫಿ ಕಣದಲ್ಲಿದ್ದ ಆಳುಗಳು ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ಪೆಟ್ಟಿಗೆ ಮೇಲೆ ಬರೆದಷ್ಟು ದೂರಕ್ಕೆ ಹೋಗುದಿಲ್ಲ ಇದು, ಸುಳ್ಳು. ಹೋಗ್ತಾ ಹೋಗ್ತಾ ಇಳೀತದೆ. ಒಂದು ಗೇಣು ಮೇಲೆ ಹಿಡಿದ್ರೆ ಸರೀ ಹೋಗಿ ತಾಗ್ತದೆ, ನೋಡು." ಮತ್ತೆ ಹೊಡೆದರು. ತಾಗಿತು. ಅವತ್ತು ಅವರ ಮುಖದಲ್ಲಿ ಕಂಡ ಹೆಮ್ಮೆಯನ್ನು ಬಹುಮಾನ ಹಿಡಿದಾಗಲೂ ನಾನು ಕಂಡಿರಲಿಲ್ಲ.

ಕೈಲ್ ಮುಹೂರ್ತದ ಸಂಜೆ ನಾನೂ ಮೈದಾನಕ್ಕೆ ಹೋಗಿದ್ದೆ. ಆಂಟಿಯ ಸರದಿ ಬಂತು. ಸೆರಗು ಸಿಕ್ಕಿಸಿದರು, ಕೋವಿಯನ್ನು ಭುಜಕ್ಕೆ ಕೊಟ್ಟರು. ಗುಂಡು ಹಾರಿತು. ಕಾಯಿಯ ನೆತ್ತಿಯ ಮೇಲಿದ್ದ ಎಲೆಗಳು ನಾಲ್ಕಾರು ಉದುರಿದವು. ಕಾಯಿ ಮಿಸುಕಲಿಲ್ಲ.

ಆಂಟಿ ಆ ಎಲೆಗಳು ನೆಲ ಮುಟ್ಟುವವರೆಗೆ ನೋಡಿ, "ಒಂದು ಗೇಣು ಮೇಲೆ" ಎಂದರು.

ಬೋಪಣ್ಣನವರೇ ಓಡಿ ಬಂದರು. ಅವರಿಬ್ಬರ ಮಾತು ಅವರ ಮನೆಭಾಷೆ ಕೊಡವ ತಕ್ಕಿನಲ್ಲಿ ನಡೆಯಿತು. ನನಗೆ ಅಷ್ಟು ಅರ್ಥವಾಗುತ್ತದೆ. ಇನ್ನೊಂದು ಗುಂಡು ಹೊಡೆಯಿರಿ ಅತ್ತಿಗೆ, ಇದು ಲೆಕ್ಕಕ್ಕಿಲ್ಲ, ಎಂದರು ಅವರು. ಬೇಡ, ಕಣ್ಣು ಸರಿಯಾಗಿಯೇ ನೋಡಿತು, ಕೈ ಅದರ ಮಾತು ಕೇಳಲಿಲ್ಲ, ಎಂದರು ಇವರು. ಕೋವಿ ನಿಮ್ಮಲ್ಲೇ ಇರಲಿ ಎಂದು ಬೋಪಣ್ಣ ಗೋಗರೆದರೂ ಕೇಳಲಿಲ್ಲ. ಮರುದಿನ ಕೋವಿಯ ನಳಿಕೆ ಒರೆಸಿ, ಎಣ್ಣೆ ಹಚ್ಚಿ, ತಾವೇ ನಡೆದು ಹೋಗಿ ಕೊಟ್ಟು ಬಂದರು. ನನ್ನ ಕಣ್ಣಿಗೆ ಅದು ಹಟ. ಅವರಿಗೆ ಅದು ಆಡಿದ ಮಾತು.

ಗೋಡೆಯ ಖಾಲಿ ಮೊಳೆಗೆ ಬ್ಲಾಸ್ಟರನ್ನು ನೇತುಹಾಕಿದರು. ಯಾರಾದರೂ ನಕ್ಕರೆ, "ಮೊಳೆ ಖಾಲಿ ಇದ್ರೆ ಕಣ್ಣು ಅಲ್ಲಿಗೇ ಹೋಗ್ತದೆ ಮಾರಾಯ" ಎನ್ನುತ್ತಿದ್ದರು. ಚಿಪ್ಪಿಗೆ ಹೊಡೆಯುವುದನ್ನೂ ಬಿಡಲಿಲ್ಲ. ಇನ್ನು ಯಾಕೆ ಎಂದು ಕೇಳಿದ್ದಕ್ಕೆ, ಈಗ ಇದೇ ಅಲ್ವಾ ನನ್ನ ಕೋವಿ, ಇದಕ್ಕೆ ತಕ್ಕ ಹಾಗೆ ಹಿಡಿದ್ರೆ ತಪ್ಪಿಲ್ಲ ಎಂದರು.

ಹೋದ ಬೇಸಿಗೆಯಲ್ಲಿ ಸೆಲ್ ಸೋರಿ ಅದು ಕೆಟ್ಟಿತು. ಕೌಂಟರಿನ ಮೇಲೆ ಇಟ್ಟು, ಸಂತೆ ದಿನ ಬಂದು ತಗೊಳ್ತೇನೆ ಎಂದು ಹೋದರು. ಆವತ್ತೂ ಮೂತಿ ಗೋಡೆಯ ಕಡೆಗೇ ಇತ್ತು.

ಸಂತೆ ದಿನ ಬೆಳಿಗ್ಗೆ ತುಕ್ಕು ಕೆರೆದು, ತಂತಿ ಬೆಸೆದು, ಹೊಸ ಸೆಲ್ ಹಾಕಿದೆ. ಪರೀಕ್ಷೆ ಮಾಡಲೆಂದು ಸ್ಪಂಜಿನ ಗುಂಡುಗಳನ್ನೂ ತುಂಬಿದೆ. ಮೋಟರು ಚೆನ್ನಾಗಿ ತಿರುಗಿತು. ಆಗಲೇ ಅವರ ಮನೆಯ ದಿಕ್ಕಿನಿಂದ ಗುಂಡಿನ ಸದ್ದು ಕೇಳಿತು, ಒಂದರ ಬೆನ್ನಿಗೆ ಇನ್ನೊಂದು. ಮನೆಯಲ್ಲಿ ಸಾವಾದರೆ ಊರಿಗೆ ತಿಳಿಸಲು ಹಾಗೆ ಆಕಾಶಕ್ಕೆ ಜೋಡಿ ಗುಂಡು ಹಾರಿಸುತ್ತಾರೆ ಎಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಸ್ವಲ್ಪ ಹೊತ್ತಿಗೆ ಬಂದ ಗಿರಾಕಿಯೊಬ್ಬರು ಹೇಳಿದರು: "ದೇಚಮ್ಮ ಆಂಟಿ ಹೋದ್ರಂತೆ. ಸುದ್ದಿಯ ಗುಂಡು ಹೊಡೆದದ್ದು ಬೋಪಣ್ಣನವರು, ಆಂಟಿಯ ಕೋವಿಯಲ್ಲೇ."

ಏನು ಕೊಡಲಿ ಎಂದು ಕೇಳಲು ತಲೆಯೆತ್ತಿದಾಗ, ಕೌಂಟರಿನ ಮೇಲಿದ್ದ ಬ್ಲಾಸ್ಟರಿನ ಮೂತಿ ಆ ಗಿರಾಕಿಯ ಎದೆಯ ಕಡೆಗಿರುವುದು ಕಂಡಿತು. ಒಂದು ನಿಮಿಷ ಎಂದು ಹೇಳಿ, ಅದನ್ನು ಗೋಡೆಗೆ ತಿರುಗಿಸಿ, ಮ್ಯಾಗಜಿನ್ ಕಳಚಿ, ಗುಂಡುಗಳನ್ನು ಒಂದೊಂದಾಗಿ ಹೊರಗೆ ತೆಗೆದೆ. ಆಮೇಲೆ ಖಾಲಿಯಾಯಿತೇ ಎಂದು ಬೆರಳು ಹಾಕಿ ನೋಡಿದೆ.