ಅರವತ್ತು ಕೋಟಿಯಲ್ಲಿ ಹನ್ನೊಂದು ಮಂದಿ

೨೦೦೨ರ ಚಳಿಗಾಲದಲ್ಲಿ ಪರದೇಶದ ಮೆಡೋವೇಲ್ ಎಂಬ ಊರಿನ ಕಂಪನಿಯೊಂದು ಜಯಶೀಲಾಳನ್ನು ಕೆಲಸದಿಂದ ತೆಗೆಯಿತು. ಧಾರವಾಡದಲ್ಲಿ ಅವ್ವನಿಂದ ಕಲಿತ ಕಸೂತಿ ಕೈಯಲ್ಲಿತ್ತು. ವೆಬ್‌ಸೈಟು ಕಟ್ಟುವುದನ್ನು ಆ ಆಫೀಸೇ ಕಲಿಸಿತ್ತು. ಎರಡನ್ನೂ ಸೇರಿಸಿ, ಕಸೂತಿ ನಕ್ಷೆಗಳನ್ನು ಈಮೇಲಿನಲ್ಲಿ ಮಾರುವ ಅಂಗಡಿ ತೆರೆದಳು. ಕೊಂಡವರು ನಕ್ಷೆ ಪ್ರಿಂಟ್ ಮಾಡಿಕೊಂಡು, ಎಳೆ ಎಣಿಸಿ ಹೊಲಿದುಕೊಳ್ಳಬೇಕು.

ಧೈರ್ಯ ಕೊಟ್ಟದ್ದು ಲೈಬ್ರರಿಯಲ್ಲಿ ಓದಿದ ಒಂದು ವರದಿ. ಜಗತ್ತಿನಲ್ಲಿ ಸುಮಾರು ಅರವತ್ತು ಕೋಟಿ ಜನ ಇಂಟರ್ನೆಟ್ ಬಳಸುತ್ತಾರಂತೆ. ಲಕ್ಷಕ್ಕೊಬ್ಬರು ಕೊಂಡರೂ ಆರು ಸಾವಿರ ಗಿರಾಕಿಗಳು!

ಮೂರು ತಿಂಗಳಾದರೂ ಒಂದೇ ಒಂದು ನಕ್ಷೆ ಹೋಗಲಿಲ್ಲ. ಒಲೆಯ ಮೇಲೆ ಸಾರಿಟ್ಟು, ಕಂಪ್ಯೂಟರಿದ್ದ ಬೇಸ್‌ಮೆಂಟಿಗೆ ಇಳಿದು, ಸೈಟಿಗೆ ಎಷ್ಟು ಜನ ಬಂದರೆಂದು ನೋಡುವಳು. ಮೇಲೆ ಬಂದವಳು ಸಾರು ಕುದಿಯುವ ಮೊದಲೇ ಮತ್ತೆ ಇಳಿಯುವಳು.

"ಎಷ್ಟ್ ಸಲ ಹತ್ತಿ ಇಳೀತೀ? ಸ್ವಲ್ಪ ಕುಂದರಬಾರ್ದಾ?" ಎಂದ ಗಂಡ ಈರೇಶ.

"ಇವತ್ತ ಹನ್ನೊಂದ್ ಮಂದಿ ಬಂದಾರ್ರೀ. ಒಬ್ರೂ ಒಂದ್ ನಿಮಿಷ ನಿಂತಿಲ್ಲ. ಯಾಕ?"

"ಮೇಬಿ ದೇ ಗಾಟ್ ಬೋರ್ಡ್," ಎಂದಳು ಮಗಳು ಶಿವಾನಿ.

ಕಾರಣ ಸಿಕ್ಕಿದ್ದು ವಿಟ್ಬಿ ಎಂಬ ಇನ್ನೊಂದು ಊರಿನಲ್ಲಿ. ಊರಿನ ಕಡೆಯ ಹಿರಿಯಾಕೆ ಗುರುಬಸವ್ವ ಮನೆಮಂದಿಯನ್ನೆಲ್ಲ ಊಟಕ್ಕೆ ಕರೆದಿದ್ದರು. ಅವರದು ಇನ್ನೂ ಫೋನ್ ಲೈನಿನ ಇಂಟರ್ನೆಟ್ಟು. ಜಯಶೀಲಾ ಅಲ್ಲಿ ತನ್ನ ಸೈಟು ತೆರೆದಳು. ಮೊದಲ ಬಣ್ಣದ ಚಿತ್ರ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಕೆಳಗಿಳಿಯಿತು. ಮೂರು ನಿಮಿಷವಾದರೂ ಕಸೂತಿಯ ಗೋಪುರದಲ್ಲಿ ಅರ್ಧವೇ ಕಂಡಿದ್ದು. ಅವಳ ಕಾಲು ತಾನಾಗಿ ಕುಣಿಯತೊಡಗಿತು. ಮನೆಯಲ್ಲಿ ಕೇಬಲ್ಲಿನ ವೇಗಕ್ಕೆ ಒಗ್ಗಿದ್ದ ತಾನು ಅರವತ್ತು ಕೋಟಿಯನ್ನು ಎಣಿಸಿದ್ದಳೇ ಹೊರತು, ಅವರಲ್ಲಿ ಎಷ್ಟೋ ಜನ ಹೀಗೆ ಕಾಯುತ್ತ ಕೂತಿರುತ್ತಾರೆಂದು ಯೋಚಿಸಿರಲಿಲ್ಲ.

"ಅಕ್ಕಾರ, ನಾವ್ ಹೊಂಡತೀವ್ರಿ," ಎಂದು ಎದ್ದಳು.

"ಹೋಳಿಗಿ ಬಡಿಸೀನಿ! ಉಣ್ಣದ ಹ್ಯಾಂಗ ಹೋಗ್ತೀಯವಾ?"

ನಿಂತೇ ಅರ್ಧ ಹೋಳಿಗೆ ತಿಂದು ಹೊರಟಳು. ಮನೆಗೆ ಬಂದು ಸೈಟಿನ ಬಣ್ಣದ ಚಿತ್ರಗಳನ್ನೆಲ್ಲ ಕಿತ್ತುಹಾಕಿ, ಕಪ್ಪು ಗೆರೆಯ ಪುಟ್ಟ ನಕ್ಷೆಗಳನ್ನು ಬರೆದಳು. ಒಂಬತ್ತನೆಯ ದಿನ ಫಿನ್ಲೆಂಡಿನಿಂದ ಮೊದಲ ಆರ್ಡರ್ ಬಂತು. ಆಕೆ ಹಳ್ಳಿಯೊಂದರ ಶಾಲೆಯ ಟೀಚರು. ಹಿಂದೊಮ್ಮೆ ಕಾದು ಕಾದು ಬಿಟ್ಟುಹೋಗಿದ್ದೆ ಎಂದು ಬರೆದು, ಹೊಲಿಗೆ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಥರ ಕಾಣುವುದು ಹೇಗೆ ಎಂದು ಕೇಳಿದ್ದಳು. ಜಯಶೀಲಾ ಎರಡು ಪುಟದ ಉತ್ತರ ಬರೆದಳು.

ಆರು ಸಾವಿರ ಗಿರಾಕಿಗಳು ಎಂದೂ ಬರಲಿಲ್ಲ. ಆರು ವರ್ಷಗಳಲ್ಲಿ ಏಳುನೂರು ಜನವಾದರು. ಆದರೆ ಬಂದವರು ಮತ್ತೆ ಮತ್ತೆ ಕೊಂಡರು; ಬೇರೆ ಕೆಲಸ ಹುಡುಕುವ ಪ್ರಮೇಯ ಬರಲಿಲ್ಲ. ಹೊಸ ನಕ್ಷೆ ಹಾಕಿದಾಗಲೆಲ್ಲ ವಿಟ್ಬಿಗೆ ಹೋಗಿ ಆ ನಿಧಾನದ ಲೈನಿನಲ್ಲಿ ತೆರೆದು ನೋಡುವುದು ರೂಢಿಯಾಯಿತು. ೨೦೦೮ರಲ್ಲಿ ಗುರುಬಸವ್ವ ಫೋನ್ ಮಾಡಿ, ತಮ್ಮ ಮನೆಗೂ ಕೇಬಲ್ ಬಂತೆಂದು ಹಿಗ್ಗಿನಿಂದ ಹೇಳಿದರು.

"ಅಯ್ಯ, ಹಳೇದನ್ನ ಯಾಕ್ ತೆಗಿಸಿದ್ರಿ ಅಕ್ಕಾರ? ಇನ್ನ ನಾ ಎಲ್ಲಿ ನೋಡ್ಲಿ?"

ಫೋನಿಟ್ಟವಳೇ ವಿಳಾಸದ ಪುಸ್ತಕ ತೆಗೆದು, ಹಳ್ಳಿಗಾಡಿನ ಕಡೆಯ ಸ್ಟೌಫ್‌ವಿಲ್ ಊರಿನಲ್ಲಿ ಯಾರಾದರೂ ಫೋನ್ ಲೈನಿನಲ್ಲೇ ಉಳಿದಿದ್ದಾರೆಯೇ ಎಂದು ಒಂದೊಂದೇ ಮನೆಗೆ ಕರೆ ಮಾಡತೊಡಗಿದಳು.