ನಮ್ಮವ್ವನ ಹೆಸರಿನ ಬೇಳೆ ಗಿರಣಿ

ನನ್ನ ಸೋದರಮಾವ ಪರದೇಶದಲ್ಲಿ ಕಂಪನಿ ತೆರೆದವನು. ಹಡಗು ಹತ್ತಿರಲಿಲ್ಲ, ಸೊಲ್ಲಾಪುರದಿಂದ ಭಾಲ್ಕಿಗೆ ಬಂದಿದ್ದ, ಅಷ್ಟೆ. ಸೊಲ್ಲಾಪುರ ಇಂಗ್ಲಿಷರದು, ಭಾಲ್ಕಿ ನಿಜಾಮರದು. ನಾಣ್ಯ ಬೇರೆ, ಕಾಯದೆ ಬೇರೆ. ಔರಾದ ಕಡೆಯ ತೊಗರಿ ಅಗ್ಗವಾಗಿ ಸಿಗುತ್ತದೆಂದು ತಿಳಿದ ದಿನದಿಂದ ಮಾವನಿಗೆ ಈ ಪರದೇಶದ ಮೇಲೆ ವಿಪರೀತ ಪ್ರೀತಿ ಹುಟ್ಟಿತ್ತು.

ಬೇಳೆ ಗಿರಣಿಯ ಪರವಾನಗಿಗೆಂದು ಬೀದರಿನ ಕಚೇರಿಗೆ ಹೋದರೆ, ನೀವು ಮುಲ್ಕಿಯೇ, ಅಂದರೆ ಈ ಸಂಸ್ಥಾನದವರೇ ಎಂದು ಕೇಳಿದರು. ಆ ನಿಯಮ ಇದ್ದದ್ದು ಸರಕಾರಿ ನೌಕರಿಗೆ. ಆದರೆ ಅಲ್ಲಿನ ಗುಮಾಸ್ತರು ಉದಾರಿಗಳು. ಒಂದು ನಿಯಮ ಕೈಗೆ ಸಿಕ್ಕರೆ ಎಲ್ಲರಿಗೂ ಹಂಚುತ್ತಿದ್ದರು. ಮಾವನ ವಕೀಲ ದಾರಿ ತೋರಿಸಿದ. ತಂಗಿಯನ್ನು ಭಾಲ್ಕಿಗೆ ಕೊಟ್ಟಿದ್ದೀರಿ, ಮುಲ್ಕಿಯನ್ನು ಮದುವೆಯಾದವಳೂ ಮುಲ್ಕಿಯೇ ಎಂದ. ನನ್ನ ಅಪ್ಪ ಸರಕಾರಿ ಸಾಲೆಯ ಮಾಸ್ತರ, ವ್ಯಾಪಾರ ಮಾಡುವಂತಿಲ್ಲ. ಹೀಗಾಗಿ ಗಿರಣಿ ನಮ್ಮವ್ವನ ಹೆಸರಿಗಾಯಿತು.

"ಬರೇ ಹೆಸರಿಗಿ ತಂಗಿ. ನೀ ಮನ್ಯಾಗ ರೊಟ್ಟಿ ಬಡಕೋತ ಇರು," ಎಂದ ಮಾವ.

ಉತ್ಸವಮೂರ್ತಿಯನ್ನು ಕೂರಿಸಿದವರು ಅದು ಬಾಯಿ ತೆರೆದೀತೆಂದು ಎಣಿಸಿರುವುದಿಲ್ಲ. ಗಿರಣಿಯಲ್ಲಿ ಬೇಳೆ ಆರಿಸುವ ಹೆಣ್ಣುಮಗಳೊಬ್ಬಳು ಒಂದು ದಿನ ಹಸಿಕೂಸು ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದಳು. ಅವಳು ಹೆರಿಗೆಗೆ ಹೋದಾಗ ಮಾವನ ಮುನೀಮ ಅವಳ ಕೆಲಸವನ್ನು ಬೇರೆಯವಳಿಗೆ ಕೊಟ್ಟಿದ್ದ.

"ಮಾಲಕರು ನೀವೇ ಅಂತಲ್ರಿ ಅವ್ವಾ. ಬೋರ್ಡಿನ ಮ್ಯಾಲ ನಿಮ್ಮ ಹೆಸರೇ ಅದಂತ್ರಿ," ಎಂದಳು.

ನಮ್ಮವ್ವ ಹಿಟ್ಟಿನ ಕೈ ತೊಳೆದುಕೊಂಡು, ಸೆರಗು ಹೊದ್ದು, ನೆಟ್ಟಗೆ ಗಿರಣಿಗೆ ನಡೆದಳು. ಆ ಹೆಣ್ಣುಮಗಳನ್ನು ಮತ್ತೆ ಕೆಲಸಕ್ಕೆ ಕೂರಿಸಿದಳು, ಬಾಣಂತನದ ದಿನಗಳ ಪಗಾರ ಕೊಡಿಸಿದಳು, ಕೂಸುಗಳಿಗೆ ಸೀರೆಯ ತೊಟ್ಟಿಲು ಕಟ್ಟಲು ಒಂದು ಮೂಲೆ ಬಿಡಿಸಿದಳು. ಇಂಥ ಕಾಯದೆ ಇತ್ತೋ ಇಲ್ಲವೋ, ಅವಳು ಯಾರನ್ನೂ ಕೇಳಲಿಲ್ಲ. ಹಣೆತುಂಬ ವಿಭೂತಿ ಹಚ್ಚಿ ಕಾಯಕದ ಮಹಿಮೆ ಹೇಳುತ್ತಿದ್ದ ಮಾವ, ಕಾಯಕ ಮಾಡುವವರು ಹೆರುವುದೂ ಉಂಟೆಂದು ತಿಳಿದು ಬಹಳ ನೊಂದುಕೊಂಡ. ಆದರೆ ಪರವಾನಗಿ ತಂಗಿಯದು, ಒಪ್ಪದೆ ಗತ್ಯಂತರವಿರಲಿಲ್ಲ.

ಆಮೇಲೆ ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಸಂಸ್ಥಾನ ಭಾರತಕ್ಕೆ ಸೇರಿತು. ಅದರ ಹಿಂದುಮುಂದಿನ ದಿನಗಳಲ್ಲಿ ನಮ್ಮ ಸುತ್ತಲಿನ ಜನ, ಎರಡೂ ಧರ್ಮದವರು, ಪಟ್ಟ ಪಾಡನ್ನು ಈ ಧಾಟಿಯಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಗದ್ದಲ ಅಡಗಿ ಗಿರಣಿ ಮತ್ತೆ ಶುರುವಾದಾಗ ಮಾವ ಪೇಢೆ ಹಂಚುತ್ತ ಬಂದ. ಹಿಂದೆ ವಕೀಲ, ವಕೀಲನ ಕೈಯಲ್ಲಿ ಹೊಸ ಕಾಗದ.

"ಈಗ ಎಲ್ಲಾ ಒಂದೇ ದೇಶ ಆಯ್ತು ತಂಗಿ. ಮುಲ್ಕಿ ಗಿಲ್ಕಿ ಏನೂ ಬ್ಯಾಡ. ಗಿರಣಿ ನನ್ನ ಹೆಸರಿಗಿ ಬರಕೊಡು."

"ಕೂಸಿನ ಹೆಣ್ಣಮಕ್ಕಳನ್ನ ಏನ್ ಮಾಡ್ತಿ, ಅಣ್ಣಾ?"

"ಮೊದಲ ಅವರನ್ನೇ ತೆಗೀತೇನಿ. ಅದು ಗಿರಣಿನೋ, ಬಾಣಂತಿ ಖೋಲಿನೋ?"

"ಹಂಗಿದ್ರ ನಾ ಸಹಿ ಹಾಕಂಗಿಲ್ಲ."

ಮಾವ ವಕೀಲನ ಮುಖ ನೋಡಿದ. ಮೊದಲ ಕಾಗದವನ್ನು ಇಬ್ಬರೂ ಸೇರಿ ಎಷ್ಟು ಗಟ್ಟಿ ಮಾಡಿದ್ದರೆಂದರೆ, ಅದನ್ನು ಮುರಿಯುವ ದಾರಿ ಬರೆದವನಿಗೇ ಗೊತ್ತಿರಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಎಂದುಕೊಂಡು ಬಂದಿದ್ದ ಮಾವನಿಗೆ, ದೋಣಿಯೇ ಅಂಬಿಗನದೆಂದು ಆಗ ಅರ್ಥವಾಯಿತು. ತನ್ನ ಬಳಿ ಉಳಿದಿದ್ದ ಒಂದೇ ಒಂದು ಕಾಯದೆಯನ್ನು ಹೊರತೆಗೆದ.

"ಸಹಿ ಹಾಕಲಿಲ್ಲಂದ್ರ ನಾಗರ ಪಂಚಮಿಗಿ ನಿನ್ನ ಕರೀಲಿಕ್ಕ ಯಾರೂ ಬರಂಗಿಲ್ಲ. ತವರು ಮರ್ತಬಿಡು."

ನಮ್ಮವ್ವ ಅತ್ತಳು. ಅಷ್ಟು ಅತ್ತದ್ದನ್ನು ನಾನು ಮತ್ತೆಂದೂ ನೋಡಲಿಲ್ಲ. ಸಹಿ ಮಾತ್ರ ಹಾಕಲಿಲ್ಲ. ಗಿರಣಿಗೆ ಹಣ ಹಾಕಿದವನು ಅಣ್ಣನೆಂದು ಲಾಭದ ಪಾಲನ್ನು ವರ್ಷವೂ ಸೊಲ್ಲಾಪುರಕ್ಕೆ ಕಳಿಸಿದಳು. ತಂಗಿಯನ್ನು ಕರೆಯಲು ಮರೆತ ಮಾವ ಅದನ್ನು ಇಸಿದುಕೊಳ್ಳಲು ಎಂದೂ ಮರೆಯಲಿಲ್ಲ. ಅವನ ಮೇಲಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ.

ಪಂಚಮಿ ಬಂದರೆ ನಮ್ಮವ್ವ ಗಿರಣಿಯ ಹೆಣ್ಣುಮಕ್ಕಳಿಗೆಲ್ಲ ಪಗಾರಸಹಿತ ರಜೆ ಕೊಟ್ಟು, ಉಂಡಿ ಕಟ್ಟಿಕೊಟ್ಟು ಅವರವರ ತವರಿಗೆ ಕಳಿಸುತ್ತಿದ್ದಳು. ಸೊಲ್ಲಾಪುರ ಪರದೇಶವಾಗಿದ್ದಾಗ ಅವಳೂ ಪ್ರತಿವರ್ಷ ಹೋಗಿ ಬರುತ್ತಿದ್ದಳು. ಒಂದೇ ದೇಶವಾದ ಮೇಲೆ ಒಮ್ಮೆಯೂ ಹೋಗಲಿಲ್ಲ.